ಮನೆಮಂದಿಗೊಂದು ಸೆಕೆಂಡ್ ಹ್ಯಾಂಡ್ ಕಾರು: ನೋಡುವುದು, ಕೊಳ್ಳುವುದು, ಹೆಸರಿಗೆ ಮಾಡಿಸಿಕೊಳ್ಳುವುದು

ಹಳೆಯ ಕಾರು ನೋಡಲು ಹೋದಾಗ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬೇಕು ಎಂದು ನನಗೆ ಕಲಿಸಿಕೊಟ್ಟವರು ಮೈಸೂರಿನ ನಮ್ಮ ಬಡಾವಣೆಯ ಮೆಕ್ಯಾನಿಕ್. 2023ರ ಆರಂಭದಲ್ಲಿ ಅಕ್ಕ-ಭಾವನಿಗಾಗಿ ಕಾರು ನೋಡಲು ಅವರನ್ನೂ ಜೊತೆಗೆ ಕರೆದುಕೊಂಡು ಬೆಂಗಳೂರಿಗೆ ಹೋಗಿದ್ದೆವು. ಬಿಳಿ ಬಣ್ಣದ ಏಳು ಸೀಟಿನ ಕಾರು. ತೊಳೆದು, ಪಾಲಿಶ್ ಹಾಕಿ, ಒಳಗೆ ಸುಗಂಧದ ಡಬ್ಬಿ ಇಟ್ಟು ಮದುಮಗಳಂತೆ ನಿಲ್ಲಿಸಿದ್ದರು. ಅಕ್ಕ ಆಗಲೇ ನಡುವಿನ ಸಾಲಿನಲ್ಲಿ ಕೂತು ಅಮ್ಮನನ್ನು ಯಾವ ಕಡೆ ಕೂರಿಸಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ಮೆಕ್ಯಾನಿಕ್ ಏನೂ ಮಾತಾಡದೆ ಡ್ರೈವರ್ ಸೀಟಿನ ಬೆಲ್ಟನ್ನು ನಿಧಾನವಾಗಿ ಎಳೆಯುತ್ತಾ ಹೋದರು. ಮೊದಲ ಮೂರಡಿ ಶುಭ್ರವಾಗಿತ್ತು. ಬಾಗಿಲ ಕಂಬದ ಬುಡದಲ್ಲಿ ರೀಲಿಗೆ ಸುತ್ತಿಕೊಂಡಿದ್ದ ಕೊನೆಯ ಭಾಗ ಹೊರಗೆ ಬಂದಾಗ ಅದರ ಮೇಲೊಂದು ಕಂದು ಬಣ್ಣದ ಅಡ್ಡಗೆರೆ ಕಂಡಿತು. ಬೆರಳಿನಿಂದ ಉಜ್ಜಿದರೆ ನುಣ್ಣನೆಯ ಮಣ್ಣು.

“ನೀರು ಇಲ್ಲಿಯವರೆಗೆ ಬಂದಿತ್ತು ಸರ್. ಅಕ್ಕನವರನ್ನು ಇಳಿಯಲು ಹೇಳಿ” ಎಂದರು.

2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಆಸುಪಾಸಿನ ಬಡಾವಣೆಗಳ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿ ನಿಂತಿದ್ದನ್ನು ನಾವೆಲ್ಲರೂ ಟಿವಿಯಲ್ಲಿ ನೋಡಿದ್ದೆವು. ಆ ಕಾರುಗಳು ಆಮೇಲೆ ಎಲ್ಲಿಗೆ ಹೋದವು ಎಂದು ಅಂದು ಯೋಚಿಸಿರಲಿಲ್ಲ. ಅಂಥದ್ದೇ ಒಂದು, ವರ್ಷಗಳ ಉಳಿತಾಯವನ್ನು ನುಂಗಲು ನಮ್ಮೆದುರು ನಿಂತಿತ್ತು.

ಮನೆಮಂದಿಯೆಲ್ಲ ಓಡಾಡುವ ಕಾರನ್ನು ಮೊದಲ ಬಾರಿಗೆ, ಅದೂ ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ನಂಬಿಕೆ ಇಷ್ಟು: ಕಾರು ಇಷ್ಟು ದಿನ ಹೇಗೆ ಬದುಕಿತ್ತು ಎಂಬುದನ್ನು ನೀವೇ ಓದಬೇಕು. ಬ್ರೋಕರ್ ಮಾತು, ಹೊಳೆಯುವ ಬಣ್ಣ, ಕೊನೆಗೆ ಕಂಪನಿಯದೇ ಮುದ್ರೆ, ಯಾವುದೂ ಆ ಓದಿಗೆ ಬದಲಿಯಲ್ಲ.

ಮೊದಲ ಹೆಜ್ಜೆ: ಯಾರು ಕೂರುತ್ತಾರೆ ಎಂದು ಬರೆದುಕೊಳ್ಳಿ

ಮಾಡೆಲ್ ಹೆಸರಿನಿಂದ ಶುರು ಮಾಡಬೇಡಿ. ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಸೀಟಿನ ಎತ್ತರವೇ ಮೊದಲ ಪ್ರಶ್ನೆ. ತೀರಾ ತಗ್ಗಿನ ಸೆಡಾನ್‌ನಿಂದ ಏಳುವುದು ಅವರಿಗೆ ಶಿಕ್ಷೆ, ತೀರಾ ಎತ್ತರದ ಎಸ್‌ಯುವಿ ಹತ್ತುವುದೂ ಅಷ್ಟೇ. ವ್ಯಾಗನ್ ಆರ್‌ನಂಥ ನೆಟ್ಟಗೆ ನಿಂತ ಕಾರುಗಳು ಊರೂರಿನಲ್ಲೂ ಹಿರಿಯರಿಗೆ ಒಗ್ಗಿರುವುದು ಇದೇ ಕಾರಣಕ್ಕೆ. ಚಿಕ್ಕ ಮಕ್ಕಳಿದ್ದರೆ ಹಿಂದಿನ ಸೀಟಿನ ಸಂದಿಯಲ್ಲಿ ಮಕ್ಕಳ ಸೀಟು ಬಿಗಿಯುವ ಐಸೋಫಿಕ್ಸ್ ಕೊಂಡಿಗಳು ಇವೆಯೇ ಎಂದು ಕೈಹಾಕಿ ನೋಡಿ. ವರ್ಷಕ್ಕೆ ಎರಡು ಸಲ ಮಾತ್ರ ಏಳು ಜನ ಸೇರುವ ಮನೆಗೆ ಏಳು ಸೀಟಿನ ಕಾರು ಬೇಡ ಎಂಬುದು ನನ್ನ ಅಭಿಪ್ರಾಯ. ಆ ಎರಡು ದಿನ ಬಾಡಿಗೆ ಗಾಡಿ ಮಾಡಿಕೊಂಡರಾಯಿತು.

ಯಾವ ವರ್ಷದ ಕಾರು ಎಂಬುದೂ ಸುರಕ್ಷತೆಯ ಪ್ರಶ್ನೆಯೇ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಡ್ರೈವರ್ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ ಗಂಟೆ, ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. 2021ರ ಡಿಸೆಂಬರ್ ಮುಗಿದ ಮೇಲೆ ತಯಾರಾದವುಗಳಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಇರಲೇಬೇಕು. 2019ರ ಜುಲೈಗಿಂತ ಹಿಂದಿನ ಕಾರುಗಳಲ್ಲಿ ಕಡಿಮೆ ಬೆಲೆಯ ಮಾದರಿಗೆ ಏರ್‌ಬ್ಯಾಗ್ ಇಲ್ಲದಿರಬಹುದು. ನಿಮ್ಮ ಬಜೆಟ್ ಒಪ್ಪಿದರೆ ಈ ಗೆರೆಯ ಈಚೆಗೇ ಇರಿ.

ಪೆಟ್ರೋಲೋ ಡೀಸೆಲೋ ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ: ದಿನಕ್ಕೆ ಐದಾರು ಕಿಲೋಮೀಟರ್ ಶಾಲೆ, ಮಾರುಕಟ್ಟೆ ಓಡಾಟವಷ್ಟೇ ಇದ್ದರೆ ಡೀಸೆಲ್ ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಸ್ವಚ್ಛವಾಗಬೇಕಾದರೆ ಕಾರು ಆಗಾಗ ಹೆದ್ದಾರಿಯಲ್ಲಿ ಬಿಸಿಯಾಗಿ ಓಡಬೇಕು. ಊರೊಳಗೇ ಓಡಿದ್ದರೆ ಕಟ್ಟಿಕೊಳ್ಳುತ್ತದೆ, ದುರಸ್ತಿ ದುಬಾರಿ.

ಭಾರತದಲ್ಲಿ ಷೆವರ್ಲೆ 2017ರಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಗಟ್ಟಿ ಕಾರುಗಳು, ಬೆಲೆಯೂ ಕಡಿಮೆ. ಆದರೆ ನಿಮ್ಮ ಊರಿನಲ್ಲಿ ಬಿಡಿಭಾಗ ತರಿಸಿಕೊಡುವ ಗ್ಯಾರೇಜ್ ಇದೆಯೇ ಎಂದು ವಿಚಾರಿಸಿದ ಮೇಲೆ ಮಾತ್ರ ಕೈಹಾಕಿ.

ಎರಡನೆಯ ಹೆಜ್ಜೆ: ಲೆಕ್ಕ

ಕೈಯಲ್ಲಿ ಆರು ಲಕ್ಷವಿದ್ದರೆ ಐದೂವರೆ ಲಕ್ಷದ ಕಾರು ನೋಡಿ. ಉಳಿದದ್ದು ಹೆಸರು ಬದಲಾವಣೆ, ವಿಮೆ, ಮೊದಲ ಸರ್ವಿಸ್, ಟೈರುಗಳಿಗೆ ಬೇಕಾಗುತ್ತದೆ. ನಾಲ್ಕು ಟೈರ್ ಬದಲಿಸಿದರೇ ಇಪ್ಪತ್ತು ಸಾವಿರ ಸುಲಭವಾಗಿ ದಾಟುತ್ತದೆ.

ಹಳೆಯ ಕಾರಿನ ಬೆಲೆ ಕೇಳುವ ಮುನ್ನ ಅದೇ ಮಾದರಿಯ ಹೊಸ ಕಾರಿನ ಇಂದಿನ ಬೆಲೆ ತಿಳಿದಿರಿ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಸೆಸ್ಸೂ ಹೋಯಿತು. ಮಾರುವವರು ಮಾತ್ರ ತಾವು ಅಂದು ಕೊಟ್ಟ ಹಳೆಯ ಬಿಲ್ಲನ್ನೇ ತೋರಿಸಿ ಬೆಲೆ ಹೇಳುತ್ತಾರೆ. ಹೊಸದಕ್ಕೂ ಹಳೆಯದಕ್ಕೂ ಒಂದು ಲಕ್ಷದ ಅಂತರವೂ ಇಲ್ಲದಿದ್ದರೆ ಹೊಸದನ್ನೇ ಕೊಳ್ಳುವುದು ಲೇಸು.

ಇನ್ನೊಂದು ಅಳತೆಗೋಲು ವಿಮೆ ಕಾಗದದಲ್ಲಿದೆ. ಅದರಲ್ಲಿ ಐಡಿವಿ ಎಂದು ನಮೂದಾಗಿರುವ ಮೊತ್ತವೇ ವಿಮಾ ಕಂಪನಿ ಆ ಕಾರಿಗೆ ಕಟ್ಟಿದ ಬೆಲೆ. ಒಂದರಿಂದ ಎರಡು ವರ್ಷದ ಕಾರಿಗೆ ಶೇ 20, ಎರಡರಿಂದ ಮೂರಕ್ಕೆ ಶೇ 30, ನಾಲ್ಕರಿಂದ ಐದಕ್ಕೆ ಶೇ 50ರಷ್ಟು ಸವಕಳಿ ಕಳೆಯುವುದು ರೂಢಿಯ ಲೆಕ್ಕ. ಬೇಡಿಕೆಯಿರುವ ಇನ್ನೋವಾ, ಎರ್ಟಿಗಾಗಳು ಇದಕ್ಕಿಂತ ಹೆಚ್ಚಿಗೇ ಮಾರಾಟವಾಗುತ್ತವೆ. ಆದರೂ ಚೌಕಾಸಿಗೆ ಕೂರುವಾಗ ಕೈಯಲ್ಲೊಂದು ಆಧಾರ ಇದ್ದಂತಾಗುತ್ತದೆ.

ಮೂರನೆಯ ಹೆಜ್ಜೆ: ಕಾರಿಗಿಂತ ಮೊದಲು ಕಾಗದ

ಕಾರನ್ನು ಕಣ್ಣಿನಿಂದ ನೋಡಿದ ಮೇಲೆ ಮನಸ್ಸು ಅದರ ಪರವಾಗಿ ವಾದಿಸಲು ಶುರುಮಾಡುತ್ತದೆ. ಆದ್ದರಿಂದ ಫೋನಿನಲ್ಲೇ ಆರ್‌ಸಿ (ನೋಂದಣಿ ಪತ್ರ) ಮತ್ತು ವಿಮೆಯ ಪ್ರತಿ ತರಿಸಿಕೊಳ್ಳಿ. ವಾಹನ ನೋಂದಣಿ ಸಂಖ್ಯೆಯನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿಯ ದಿನಾಂಕ, ವಿಮೆಯ ಅವಧಿ, ಕಾರಿನ ಮೇಲೆ ಸಾಲವಿದೆಯೇ ಎಂಬುದೆಲ್ಲ ಕಾಣುತ್ತದೆ. ಮಾರುವವರ ಹೆಸರು ಆರ್‌ಸಿಯಲ್ಲಿರುವ ಹೆಸರೇ ಆಗಿರಬೇಕು. “ನಮ್ಮ ಭಾವಮೈದುನನ ಗಾಡಿ, ಅವನು ದುಬೈಯಲ್ಲಿದ್ದಾನೆ” ಎಂದರೆ ಅಲ್ಲಿಗೇ ನಿಲ್ಲಿಸಿ.

ಸಾಲದ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. 2014ರಲ್ಲಿ ಕೊಂಡ ನನ್ನ ಮೊದಲ ಕಾರಿನ ಸಾಲ ತೀರಿತ್ತು, ಮಾರಿದವರು ಪ್ರಾಮಾಣಿಕರೇ. ಆದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರನ್ನು ತೆಗೆಸಿರಲಿಲ್ಲ. ಬ್ಯಾಂಕ್ ಕೊಟ್ಟಿದ್ದ ಎನ್‌ಒಸಿಯ (ಆಕ್ಷೇಪಣೆ ಇಲ್ಲವೆಂಬ ಪತ್ರದ) ಅವಧಿ ಮುಗಿದಿತ್ತು, ಶಾಖೆ ಬೇರೆ ಕಡೆ ಸ್ಥಳಾಂತರವಾಗಿತ್ತು, ಹೊಸ ಪತ್ರ ಪಡೆಯಲು ಹಳೆಯ ಮಾಲೀಕರೇ ಹೋಗಬೇಕಿತ್ತು. ಐದು ತಿಂಗಳು ಆ ಕಾರನ್ನು ಇನ್ನೊಬ್ಬರ ಹೆಸರಿನಲ್ಲೇ ಓಡಿಸಿದೆ. ಪ್ರತಿ ಸಲ ರಸ್ತೆಗಿಳಿಸಿದಾಗಲೂ ಎದೆಯಲ್ಲೊಂದು ಭಾರ. ಸಾಲ ತೀರಿದ್ದರೆ ಫಾರಂ 35 ಸಲ್ಲಿಸಿ ಬ್ಯಾಂಕಿನ ಹೆಸರು ತೆಗೆಸುವ ಕೆಲಸ ಮಾರುವವರದು. ಅದು ಮುಗಿಯುವವರೆಗೆ ಪೂರ್ತಿ ಹಣ ಕೊಡಬೇಡಿ.

ಕಟ್ಟದ ದಂಡಗಳನ್ನೂ ನೋಡಿ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ದಂಡ ಕಟ್ಟಲು ಸಾಲು ನಿಂತಿದ್ದು ನೆನಪಿರಬಹುದು. ಸಂಚಾರ ಪೊಲೀಸರ ಜಾಲತಾಣದಲ್ಲಿ ಅಥವಾ ಕರ್ನಾಟಕ ಒನ್‌ನಲ್ಲಿ ಸಂಖ್ಯೆ ಹಾಕಿದರೆ ಬಾಕಿ ತಿಳಿಯುತ್ತದೆ. ಎಷ್ಟೋ ಸಲ ದಂಡದ ಪಟ್ಟಿಯೇ ಕಾರು ಓಡಿಸಿದವರ ಕೈಗುಣವನ್ನೂ ಹೇಳಿಬಿಡುತ್ತದೆ.

ಕಾರಿನ ಸರ್ವಿಸ್ ಯಾವ ಅಧಿಕೃತ ಕೇಂದ್ರದಲ್ಲಿ ಆಗಿದೆ ಎಂದು ಕೇಳಿ, ಮಾಲೀಕರ ಒಪ್ಪಿಗೆಯೊಂದಿಗೆ ಅಲ್ಲಿಂದ ಪೂರ್ತಿ ದಾಖಲೆ ತೆಗೆಸಿ. ಯಾವ ದಿನ ಎಷ್ಟು ಕಿಲೋಮೀಟರ್ ಓಡಿತ್ತು ಎಂಬುದು ಅದರಲ್ಲಿ ಸಾಲಾಗಿ ಇರುತ್ತದೆ. 2021ರಲ್ಲಿ 78,000 ಇದ್ದದ್ದು ಇಂದು 61,000 ಎಂದು ತೋರಿಸಿದರೆ ಮೀಟರ್ ತಿರುಗಿಸಿದ್ದಾರೆ ಎಂದರ್ಥ, ಬೇರೆ ವಿವರಣೆ ಕೇಳುತ್ತಾ ಕೂರಬೇಡಿ. ವಿಮೆಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದವರಿಗೆ ಸಿಗುವ ರಿಯಾಯಿತಿ, ಎಷ್ಟಿದೆ ಎಂಬುದೂ ಸಾಕ್ಷಿಯೇ. ಒಂದೂ ಕ್ಲೇಮ್ ಇಲ್ಲದೆ ಐದು ವರ್ಷ ಕಳೆದರೆ ಅದು ಶೇ 50 ಆಗುತ್ತದೆ. ಆರು ವರ್ಷದ ಕಾರಿಗೆ ಸೊನ್ನೆ ಎಂದಿದ್ದರೆ ಇತ್ತೀಚೆಗೆ ಏನೋ ಆಗಿದೆ, ಅಥವಾ ವಿಮೆ ತಪ್ಪಿಹೋಗಿದೆ.

ರೀಕಾಲ್ ವಿಷಯ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ತಯಾರಿಕೆಯಲ್ಲೇ ದೋಷವಿದ್ದರೆ ಕಂಪನಿ ಕಾರುಗಳನ್ನು ಕರೆಸಿಕೊಂಡು ಉಚಿತವಾಗಿ ಸರಿಪಡಿಸುತ್ತದೆ. 2021ರ ಏಪ್ರಿಲ್‌ನಿಂದ ನಮ್ಮಲ್ಲಿ ಇದಕ್ಕೆ ಕಾನೂನಿನ ಬಲವೂ ಬಂದಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಾರುತಿ ಸುಜುಕಿ 1.81 ಲಕ್ಷ ಪೆಟ್ರೋಲ್ ಕಾರುಗಳನ್ನು ಮೋಟರ್ ಜನರೇಟರ್ ಭಾಗದ ಪರಿಶೀಲನೆಗಾಗಿ ಕರೆಸಿಕೊಂಡಿತು. 2018ರ ಮೇಯಿಂದ 2020ರ ಅಕ್ಟೋಬರ್‌ವರೆಗೆ ತಯಾರಾದ ಎರ್ಟಿಗಾ, ಸಿಯಾಜ್, ವಿಟಾರಾ ಬ್ರೆಜಾ, ಎಸ್-ಕ್ರಾಸ್, ಎಕ್ಸ್ಎಲ್6 ಅದರಲ್ಲಿದ್ದವು. ಇಂದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕಾಣಸಿಗುವ ಫ್ಯಾಮಿಲಿ ಕಾರುಗಳಲ್ಲಿ ಇವೂ ಇವೆ. ಚಾಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ಕೆಲಸ ಮುಗಿದಿದೆಯೇ ನೋಡಿ.

ಹೊರರಾಜ್ಯದ ಕಾರು ಎಷ್ಟೇ ಅಗ್ಗವಾಗಿ ಕಂಡರೂ ಇನ್ನೊಮ್ಮೆ ಕೂಡಿ ಕಳೆಯಿರಿ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ಹೇರಿದ ನಿರ್ಬಂಧದಿಂದಾಗಿ ಅಲ್ಲಿನ ಕಾರುಗಳು ದಕ್ಷಿಣಕ್ಕೆ ಹರಿದು ಬಂದವು. ಅವುಗಳಿಗೆ ಮೂಲ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಇದನ್ನೆಲ್ಲ ಸೇರಿಸಿದರೆ ಅಗ್ಗವೆಂಬುದು ಹೆಚ್ಚು ಉಳಿಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಬೆಳಗಿನ ಹೊತ್ತು, ತಣ್ಣನೆಯ ಎಂಜಿನ್

ಕಾರು ನೋಡಲು ಬೆಳಿಗ್ಗೆಯೇ ಹೋಗಿ. ಮಳೆಯಲ್ಲಿ, ಕತ್ತಲಲ್ಲಿ ಬೇಡ. ಒದ್ದೆ ಬಣ್ಣದ ಮೇಲೆ ಯಾವ ತೇಪೆಯೂ ಕಾಣುವುದಿಲ್ಲ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುನ್ನವೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ತಣ್ಣನೆಯ ಎಂಜಿನ್ ಸುಳ್ಳು ಹೇಳಲಾರದು: ಸ್ಟಾರ್ಟ್ ಮಾಡುವಾಗ ಒಬ್ಬರು ಸೈಲೆನ್ಸರ್ ಹಿಂದೆ ನಿಲ್ಲಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲೆಂಟ್ ಒಳಗೆ ಸೇರುತ್ತಿರುವುದರ ಗುರುತು. ಬೆಳಗಿನ ಚಳಿಗೆ ಒಂದಿಷ್ಟು ಆವಿ ಬಂದು ನಿಂತರೆ ಚಿಂತೆಯಿಲ್ಲ. ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಕೆನೆಯಂಥ ಬಿಳಿ ಲೇಪ ದಪ್ಪಗೆ ಅಂಟಿದ್ದರೆ ಆ ಕಾರಿನಿಂದ ದೂರ ಸರಿಯಿರಿ.

ಅಪಘಾತದ ಗುರುತು ಹುಡುಕಲು ಬಣ್ಣಕ್ಕಿಂತ ಬೋಲ್ಟ್‌ಗಳನ್ನು ನೋಡಿ. ಬಾನೆಟ್, ಬಾಗಿಲು, ಮುಂದಿನ ಫೆಂಡರ್ ಹಿಡಿದಿರುವ ಬೋಲ್ಟ್‌ಗಳ ತಲೆಯ ಮೇಲಿನ ಬಣ್ಣ ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕು. ಸ್ಪ್ಯಾನರ್ ಹಾಕಿದ್ದರೆ ಮೂಲೆಗಳಲ್ಲಿ ಬಣ್ಣ ಎದ್ದಿರುತ್ತದೆ. ಬಾಗಿಲಿನ ರಬ್ಬರ್ ಪಟ್ಟಿಯನ್ನು ಒಂದು ಕಡೆ ಎಳೆದು ಅದರಡಿಯ ಲೋಹದ ಅಂಚು ನೋಡಿ: ಯಂತ್ರ ಹಾಕಿದ ಬೆಸುಗೆಯ ಚುಕ್ಕೆಗಳು ಒಂದೇ ಅಂತರದಲ್ಲಿ ಸಾಲಾಗಿರುತ್ತವೆ, ಟಿಂಕರಿಂಗ್ ಆದ ಕಡೆ ಅಂಕುಡೊಂಕು. ಎಲ್ಲ ಗಾಜುಗಳ ಮೂಲೆಯಲ್ಲೂ ತಯಾರಿಕೆಯ ಗುರುತು ಇರುತ್ತದೆ, ಒಂದು ಮಾತ್ರ ಬೇರೆ ವರ್ಷದ್ದಾಗಿದ್ದರೆ ಏಕೆ ಎಂದು ಕೇಳಿ. ಬಂಪರ್ ಬದಲಿಸಿದ್ದರೆ, ಬಾಗಿಲಿಗೆ ಬಣ್ಣ ಹೊಡೆಸಿದ್ದರೆ ಬೆದರಬೇಕಾಗಿಲ್ಲ, ನಮ್ಮ ಊರುಗಳಲ್ಲಿ ಓಡಿದ ಕಾರಿಗೆ ಗೀರು ಸಹಜ. ಕಂಬಗಳಿಗೆ, ಮುಂಭಾಗದ ಚೌಕಟ್ಟಿಗೆ ಪೆಟ್ಟು ಬಿದ್ದಿದ್ದರೆ ಮಾತ್ರ ಯಾವ ಬೆಲೆಗೂ ಬೇಡ.

ನೀರಿಗೆ ಮುಳುಗಿದ ಕಾರಿಗೆ ಸೀಟ್ ಬೆಲ್ಟ್ ಜೊತೆ ಇನ್ನೂ ಮೂರು ಜಾಗ ನೋಡಿ: ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದ ಮೇಲೆ ಕಾಣುವ ಗುಂಡಿ, ಮುಂದಿನ ಸೀಟಿನಡಿಯ ಹಳಿ ಮತ್ತು ಸ್ಪ್ರಿಂಗ್, ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಪೆಟ್ಟಿಗೆ. ಮಣ್ಣು, ತುಕ್ಕು, ಹಸಿರು ಹಿಡಿದ ತಾಮ್ರ ಕಂಡರೆ ಮುಗಿಯಿತು. ಮಂಗಳೂರು, ಉಡುಪಿ, ಕಾರವಾರದಲ್ಲಿ ವರ್ಷಗಟ್ಟಲೆ ಓಡಿದ ಕಾರನ್ನು ಲಿಫ್ಟ್ ಮೇಲೆ ಏರಿಸಿ ತಳ ನೋಡದೆ ಕೊಳ್ಳಲೇಬೇಡಿ. ಉಪ್ಪುಗಾಳಿ ತಿಂದ ಲೋಹ ಮೇಲಿನಿಂದ ಕಾಣುವುದಿಲ್ಲ.

ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿಗೆ ಆರಬೇಕು. ಆರದಿದ್ದರೆ ದೋಷ. ಹೊತ್ತಲೇ ಇಲ್ಲದಿದ್ದರೆ ಅದಕ್ಕಿಂತ ಕೆಟ್ಟದ್ದು, ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಹಾಕಿಸದೆ ದೀಪವನ್ನೇ ಕಿತ್ತಿರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆ ಇರುತ್ತದೆ: 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಸಿಎನ್‌ಜಿ ಕಿಟ್ ಇದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಿರಬೇಕು. ಎರಡನೆಯ ಕೀ ಕೇಳಿ ಪಡೆಯಿರಿ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಟ್ಯಾಕ್ಸಿಗಳೂ ಮಾರುಕಟ್ಟೆಯಲ್ಲಿವೆ. ಎರ್ಟಿಗಾ, ಇನ್ನೋವಾ, ಡಿಜೈರ್ ನೋಡುವಾಗ ಪೆಡಲ್ ರಬ್ಬರ್, ಸ್ಟೇರಿಂಗ್, ಡ್ರೈವರ್ ಸೀಟಿನ ಬಲ ಅಂಚು ಎಷ್ಟು ಸವೆದಿವೆ ಎಂಬುದನ್ನು ಮೀಟರ್ ಜೊತೆ ಹೋಲಿಸಿ.

ಐದನೆಯ ಹೆಜ್ಜೆ: ಓಡಿಸಿ, ಮನೆಯವರನ್ನೂ ಕೂರಿಸಿ

ರೇಡಿಯೋ ಆರಿಸಿ. ಹಂಪ್‌ಗಳಿರುವ ರಸ್ತೆಯಲ್ಲಿ, ಏರಿನಲ್ಲಿ, ಸಾಧ್ಯವಾದರೆ ಹೆದ್ದಾರಿಯಲ್ಲಿ, ಒಟ್ಟು ಅರ್ಧ ಗಂಟೆ ಓಡಿಸಿ. ಏರಿನಲ್ಲಿ ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಎಸಿ ಹಾಕಿ ನಿಂತಲ್ಲೇ ಹತ್ತು ನಿಮಿಷ ಬಿಟ್ಟು ಬಿಸಿಯ ಮುಳ್ಳು ನೋಡಿ. ಕೊನೆಗೆ ಅಮ್ಮನನ್ನೋ ಅಜ್ಜಿಯನ್ನೋ ಹತ್ತಿಸಿ ಇಳಿಸಿ.

ಇಷ್ಟಾದ ಮೇಲೂ ನಿಮ್ಮ ಮೆಕ್ಯಾನಿಕ್ ಒಮ್ಮೆ ನೋಡಲಿ. ಅವರಿಗೆ ಒಂದು ದಿನದ ಕೂಲಿ ಕೊಟ್ಟು ಕರೆದೊಯ್ಯಿರಿ, ಪುಕ್ಕಟೆ ಕೇಳಬೇಡಿ. ನಮ್ಮ ಅಕ್ಕನ ಆರು ಲಕ್ಷವನ್ನು ಅಂದು ಉಳಿಸಿದ್ದು ಆ ಒಂದು ದಿನದ ಕೂಲಿ.

ಆರನೆಯ ಹೆಜ್ಜೆ: ಕಂಪನಿಯ ಮಳಿಗೆ, ಕಂಪನಿಯ ಬೈಬ್ಯಾಕ್

ಮಾರುತಿಯ ಟ್ರೂ ವ್ಯಾಲ್ಯೂ, ಹ್ಯುಂಡೈನ ಎಚ್-ಪ್ರಾಮಿಸ್, ಟೊಯೊಟಾದ ಯು-ಟ್ರಸ್ಟ್ ಇವೆಲ್ಲ ತಯಾರಕರೇ ಹಿಂದೆ ನಿಂತು ನಡೆಸುವ ಹಳೆಯ ಕಾರುಗಳ ಜಾಲಗಳು. ಹೊಸ ಕಾರು ಕೊಳ್ಳುವವರಿಂದ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಪಡೆದು, ಪರೀಕ್ಷಿಸಿ, ರಿಪೇರಿ ಮಾಡಿ ಮಾರುತ್ತಾರೆ. ಕಾಗದಪತ್ರ ಸರಿಯಿರುವ ಸಾಧ್ಯತೆ ಇಲ್ಲಿ ಹೆಚ್ಚು, ಬೆಲೆಯೂ ಹೆಚ್ಚು. ನೆನಪಿಡಬೇಕಾದದ್ದು: ಅಂಗಳದಲ್ಲಿ ನಿಂತ ಎಲ್ಲ ಕಾರುಗಳೂ ಕಂಪನಿಯ ಪ್ರಮಾಣಪತ್ರ ಪಡೆದವಲ್ಲ. ವಾರಂಟಿ ಸಿಗುವುದು ಪ್ರಮಾಣೀಕೃತ ಕಾರಿಗೆ ಮಾತ್ರ. ಅದರಲ್ಲೂ ಯಾವ ಭಾಗಕ್ಕೆ, ಎಷ್ಟು ತಿಂಗಳಿಗೆ ಎಂಬ ಹಾಳೆಯನ್ನು ಕೂತು ಓದಿ. ಕ್ಲಚ್, ಬ್ರೇಕ್, ಬ್ಯಾಟರಿ, ಟೈರ್‌ಗಳಂಥ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರ ಹೊರಗೇ ಇರುತ್ತವೆ. ಮೇಲೆ ಹೇಳಿದ ಸೀಟ್ ಬೆಲ್ಟ್ ಪರೀಕ್ಷೆಯನ್ನು ಇಲ್ಲೂ ಸಂಕೋಚವಿಲ್ಲದೆ ಮಾಡಿ.

ಯಾವುದೇ ಡೀಲರ್ ಆದರೂ ಒಂದು ಪ್ರಶ್ನೆ ಕೇಳಿ: “ಆರ್‌ಟಿಒದ ಅಧಿಕಾರಪತ್ರ ಇದೆಯೇ?” 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಹಳೆಯ ವಾಹನಗಳ ಡೀಲರ್‌ಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪಡೆಯಬೇಕು. ಮಾಲೀಕರು ಕಾರನ್ನು ಅವರ ವಶಕ್ಕೆ ಕೊಟ್ಟಾಗ ಫಾರಂ 29ಸಿ ಮೂಲಕ ಅದನ್ನು ದಾಖಲಿಸಬೇಕು. ಆ ಕಾಗದವಿದ್ದರೆ ನಡುವಿನ ಅವಧಿಯ ಹೊಣೆ ಯಾರದು ಎಂಬುದು ಸ್ಪಷ್ಟ.

ಇನ್ನು ‘ಖಚಿತ ಬೈಬ್ಯಾಕ್’. ಹೊಸ ಕಾರು ಕೊಳ್ಳುವಾಗಲೇ, ಮೂರು ವರ್ಷದ ನಂತರ ಇಷ್ಟು ಶೇಕಡಾ ಬೆಲೆಗೆ ನಾವೇ ಮರಳಿ ಕೊಳ್ಳುತ್ತೇವೆ ಎಂದು ಕಂಪನಿ ಕೊಡುವ ವಚನವಿದು. ವಿದ್ಯುತ್ ಕಾರುಗಳ ಮರುಮಾರಾಟ ಬೆಲೆಯ ಬಗ್ಗೆ ಜನರಿಗೆ ಅಳುಕಿರುವುದರಿಂದ ಅಲ್ಲಿ ಇದರ ಪ್ರಚಾರ ಹೆಚ್ಚು. ಸಹಿ ಹಾಕುವ ಮುನ್ನ ನೋಡಬೇಕಾದ್ದು ಶೇಕಡಾವಾರು ಯಾವುದರ ಮೇಲೆ ಎಂಬುದನ್ನು. ಸಾಮಾನ್ಯವಾಗಿ ಅದು ಎಕ್ಸ್-ಶೋರೂಂ ಬೆಲೆಯ ಮೇಲೆ. ನೀವು ಕಟ್ಟಿದ ರಸ್ತೆ ತೆರಿಗೆ, ವಿಮೆ ಲೆಕ್ಕಕ್ಕೆ ಬರುವುದಿಲ್ಲ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ತೆರಿಗೆಯೇ ದೊಡ್ಡ ಮೊತ್ತವಾದ್ದರಿಂದ ಅಂತರ ಲಕ್ಷಗಳಲ್ಲಿರಬಹುದು. ಕಿಲೋಮೀಟರ್ ಮಿತಿ, ಅಧಿಕೃತ ಕೇಂದ್ರದಲ್ಲೇ ಸರ್ವಿಸ್, ದೊಡ್ಡ ಅಪಘಾತ ಆಗಿರಬಾರದು, ನಿಗದಿತ ದಿನಗಳೊಳಗೇ ಮರಳಿಸಬೇಕು ಎಂಬ ಷರತ್ತುಗಳಿರುತ್ತವೆ. ಬೇಡಿಕೆಯಿರುವ ಕಾರಿಗೆ ಹೊರಗಿನ ಮಾರುಕಟ್ಟೆಯೇ ಹೆಚ್ಚು ಕೊಡುತ್ತದೆ. ಈ ವಚನವನ್ನು ಕೆಟ್ಟ ಕಾಲಕ್ಕೊಂದು ಆಸರೆಯೆಂದು ಇಟ್ಟುಕೊಳ್ಳಿ, ಅದಕ್ಕಾಗಿಯೇ ಕಾರು ಆರಿಸಬೇಡಿ.

ಅಮೆರಿಕದಲ್ಲಿ ಬೈಬ್ಯಾಕ್ ಎಂಬ ಮಾತಿಗೆ ಬೇರೆಯೇ ಅರ್ಥವಿದೆ. ಅಲ್ಲಿರುವ ನಮ್ಮವರು ಎಷ್ಟೋ ಜನ, ಊರಿನಿಂದ ಅಪ್ಪ-ಅಮ್ಮ ಬರುತ್ತಾರೆಂದು ಹಳೆಯ ಸಿಯೆನ್ನಾ, ಒಡಿಸ್ಸಿ ವ್ಯಾನ್ ಹುಡುಕುವಾಗ ಇದನ್ನು ಎದುರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಸಾಂಗ್-ಬೆವರ್ಲಿ ಎಂಬ ಗ್ರಾಹಕ ವಾರಂಟಿ ಕಾಯ್ದೆ 1970ರಿಂದ ಇದೆ. ಹೊಸ ಕಾರು ಕೊಂಡ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ, ಪ್ರಾಣಾಪಾಯದ ದೋಷಕ್ಕೆ ಎರಡು ಸಲ ರಿಪೇರಿ ಮಾಡಿಸಿಯೂ ಸರಿಹೋಗದಿದ್ದರೆ, ಇಲ್ಲವೇ ಒಟ್ಟು 30 ದಿನಕ್ಕಿಂತ ಹೆಚ್ಚು ಕಾರು ಗ್ಯಾರೇಜಿನಲ್ಲೇ ಕಳೆದರೆ, ತಯಾರಕರು ಅದನ್ನು ಬದಲಿಸಿಕೊಡಬೇಕು ಅಥವಾ ಮರಳಿ ಕೊಳ್ಳಬೇಕು ಎಂಬ ವಾದಕ್ಕೆ ಬಲ ಬರುತ್ತದೆ. ಅಂಥ ಕಾರಿಗೆ ಅಲ್ಲಿ ‘ಲೆಮನ್’ ಎಂಬ ಹೆಸರು. ಮರಳಿ ಕೊಂಡ ಕಾರನ್ನು ತಯಾರಕರು ಸರಿಪಡಿಸಿ ಮತ್ತೆ ಮಾರಬಹುದು. ಆದರೆ ಮಾಲೀಕತ್ವದ ಪತ್ರದ ಮೇಲೆ ‘ಲೆಮನ್ ಲಾ ಬೈಬ್ಯಾಕ್’ ಎಂಬ ಮುದ್ರೆ, ಡ್ರೈವರ್ ಕಡೆಯ ಬಾಗಿಲ ಚೌಕಟ್ಟಿನ ಮೇಲೆ ಚೀಟಿ, ಆ ದೋಷಕ್ಕೆ ಒಂದು ವರ್ಷದ ವಾರಂಟಿ, ದೋಷವೇನು ಎಂದು ಬರೆದ ಹಾಳೆಗೆ ಕೊಳ್ಳುವವರ ಸಹಿ ಇಷ್ಟೂ ಬೇಕು.

ಇಂಥ ಕಾರುಗಳು ಅಗ್ಗಕ್ಕೆ ಸಿಗುತ್ತವೆ. ಕೊಳ್ಳಬಹುದೇ? ದೋಷ ಯಾವುದು ಎಂಬುದರ ಮೇಲೆ ನಿಂತಿದೆ. ಡ್ಯಾಶ್‌ಬೋರ್ಡಿನ ಪರದೆ ಆಗಾಗ ಕಪ್ಪಾಗುತ್ತಿತ್ತು, ಬದಲಿಸಿದ್ದಾರೆ ಎಂದರೆ ಯೋಚಿಸಬಹುದು. ಬ್ರೇಕ್, ಸ್ಟೇರಿಂಗ್, ಓಡುವಾಗಲೇ ಎಂಜಿನ್ ನಿಲ್ಲುವುದು ಎಂದಿದ್ದರೆ ಮಕ್ಕಳನ್ನು ಕೂರಿಸುವ ಕಾರಾಗಿ ಅದು ಬೇಡ. ಫೋಕ್ಸ್‌ವ್ಯಾಗನ್ ಡೀಸೆಲ್ ಹೊಗೆ ಹಗರಣದಲ್ಲಿ 2016ರ ಒಪ್ಪಂದದಂತೆ ಮರಳಿ ಕೊಂಡ ಕಾರುಗಳ ಕಥೆ ಬೇರೆ. ಸುಮಾರು 4.75 ಲಕ್ಷ ಎರಡು ಲೀಟರ್ ಕಾರುಗಳಿಗೆ ಆ ಒಪ್ಪಂದ ಅನ್ವಯಿಸಿತ್ತು. ಅವು ಕೆಟ್ಟು ನಿಂತ ಕಾರುಗಳಲ್ಲ, ಹೊಗೆಯ ಪರೀಕ್ಷೆಯಲ್ಲಿ ಮೋಸ ಮಾಡುವ ತಂತ್ರಾಂಶವಿದ್ದವು. ಎಷ್ಟೋ ಕಾರುಗಳು ತಿದ್ದುಪಡಿಯಾಗಿ ಮತ್ತೆ ಮಾರಾಟಕ್ಕೆ ಬಂದವು. ಆದ್ದರಿಂದ ಮುದ್ರೆ ನೋಡಿ ಓಡಿಹೋಗುವ ಬದಲು ಕಾರಣ ಓದಬೇಕು. ಇನ್ನೊಂದು ಮಾತು: 2024ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ತಯಾರಕರ ವಾರಂಟಿ ಇನ್ನೂ ಉಳಿದಿದೆ ಎಂಬ ಮಾತ್ರಕ್ಕೆ ಹಳೆಯ ಕಾರು ‘ಹೊಸ ವಾಹನ’ ಆಗುವುದಿಲ್ಲ ಎಂದಿತು. ಹಳೆಯ ಕಾರು ಕೊಂಡವರು ಬೈಬ್ಯಾಕ್ ಹಕ್ಕನ್ನು ನಂಬಿ ಕೂರುವಂತಿಲ್ಲ.

ನಮ್ಮ ದೇಶದಲ್ಲಿ ಇಂಥ ಪ್ರತ್ಯೇಕ ಕಾನೂನಿಲ್ಲ. ಇರಬೇಕಿತ್ತು ಎಂದು ಮನಸಾರೆ ಬಯಸುವವರಲ್ಲಿ ನಾನೂ ಒಬ್ಬ. ಡೀಲರ್‌ನಿಂದ ಕೊಂಡ ಕಾರಿನಲ್ಲಿ ಮೋಸವಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಅಲ್ಲೇ ವಿಚಾರಣೆ. ಅಲ್ಲಿ ನಿಲ್ಲುವುದು ಬರವಣಿಗೆಯ ಸಾಕ್ಷಿ. ‘ಅಪಘಾತವಾಗಿಲ್ಲ, ನೀರಿಗೆ ಮುಳುಗಿಲ್ಲ, ಮೀಟರ್ ಸರಿಯಿದೆ’ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಂತೆಯೇ.

ಏಳನೆಯ ಹೆಜ್ಜೆ: ಹಣ

ಟೋಕನ್ ಎಂದು ದೊಡ್ಡ ಮೊತ್ತ ಕೊಡಬೇಡಿ. ಕೊಟ್ಟಿದ್ದಕ್ಕೆ ರಸೀದಿ, ವ್ಯವಹಾರ ಮುರಿದರೆ ಮರಳಿಸುವ ಮಾತು ಬರಹದಲ್ಲಿರಲಿ. ಉಳಿದ ಹಣ ಬ್ಯಾಂಕ್ ಮೂಲಕ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹೋಗಲಿ. ಕಾರು ಕೈಗೆ ಬಂದ ದಿನ ಮಾತ್ರವಲ್ಲ, ಗಂಟೆಯನ್ನೂ ಬರೆದ ಡೆಲಿವರಿ ಪತ್ರಕ್ಕೆ ಇಬ್ಬರೂ ಸಹಿ ಹಾಕಿ. ಅಂದು ಬೆಳಿಗ್ಗೆ ಎಲ್ಲೋ ಸಿಗ್ನಲ್ ದಾಟಿದ್ದರ ದಂಡ ಸಂಜೆ ಕೊಂಡವರ ತಲೆಗೆ ಬರಬಾರದು.

ಎಂಟನೆಯ ಹೆಜ್ಜೆ: ನಿಮ್ಮ ಹೆಸರಿಗೆ

ಬೇಕಾದ ಕಾಗದಗಳು: ಮಾರಾಟ ತಿಳಿಸುವ ಫಾರಂ 29 ಎರಡು ಪ್ರತಿ, ಹೆಸರು ಬದಲಾವಣೆಯ ಅರ್ಜಿ ಫಾರಂ 30, ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಇಬ್ಬರ ಗುರುತಿನ ಚೀಟಿ, ವಿಳಾಸದ ದಾಖಲೆ. ಅರ್ಜಿ ಪರಿವಾಹನ್ ಜಾಲತಾಣದಲ್ಲಿ ಆರಂಭವಾಗುತ್ತದೆ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ.

ವಿಮೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಥರ್ಡ್ ಪಾರ್ಟಿ ರಕ್ಷಣೆ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟದ ಭಾಗ, ಕಾರಿನ ಜೊತೆಗೇ ಬರುತ್ತದೆ. ನಿಮ್ಮದೇ ಕಾರಿಗೆ ಆಗುವ ನಷ್ಟದ ಭಾಗ ಹಾಗಲ್ಲ. 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಿ ನಿಮ್ಮ ಹೆಸರಿಗೆ ಬದಲಿಸಿಕೊಳ್ಳದಿದ್ದರೆ, ನಾಳೆ ಕಾರು ಜಜ್ಜಿದಾಗ ಹಳೆಯ ಮಾಲೀಕರಿಗೆ ಕಾರಿಲ್ಲ, ನಿಮಗೆ ಪಾಲಿಸಿಯಿಲ್ಲ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕಾರವಾಗುತ್ತದೆ. ನೋ ಕ್ಲೇಮ್ ಬೋನಸ್ ಮಾರಿದವರದ್ದೇ. ಅದು ನಿಮಗೆ ಸಿಗುವುದಿಲ್ಲ, ಆ ವ್ಯತ್ಯಾಸದ ಹಣವನ್ನು ನೀವು ಕಟ್ಟಬೇಕು. 2018ರ ಸೆಪ್ಟೆಂಬರ್ ನಂತರದ ಕಾರುಗಳಿಗೆ ಥರ್ಡ್ ಪಾರ್ಟಿ ವಿಮೆ ಮೂರು ವರ್ಷಕ್ಕೆ ಒಟ್ಟಿಗೆ ಇರುವುದರಿಂದ ‘ವಿಮೆ ಚಾಲ್ತಿಯಲ್ಲಿದೆ’ ಎಂದು ಕಂಡರೂ ಇನ್ನೊಂದು ಭಾಗ ಎಂದೋ ಮುಗಿದಿರಬಹುದು.

ಫಾಸ್ಟ್ಯಾಗ್ ಹಳೆಯ ಮಾಲೀಕರ ಖಾತೆಯದ್ದು. ಅವರು ಮುಚ್ಚಿಸಲಿ, ನೀವು ಹೊಸದು ಅಂಟಿಸಿ.

ಒಂಬತ್ತನೆಯ ಹೆಜ್ಜೆ: ಮೊದಲ ತಿಂಗಳು

ಹಿಂದಿನವರು ನಿನ್ನೆಯಷ್ಟೇ ಸರ್ವಿಸ್ ಮಾಡಿಸಿದ್ದರೂ ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಎಲ್ಲ ಫಿಲ್ಟರ್‌ಗಳನ್ನು ಬದಲಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದು, ಬದಲಿಸಿದ ಬಿಲ್ ಇಲ್ಲದಿದ್ದರೆ ಅದನ್ನೂ. ಅದು ಓಡುವಾಗ ತುಂಡಾದರೆ ಎಂಜಿನ್ ಪೂರ್ತಿ ಹಾಳಾಗಬಹುದು. ಐದಾರು ವರ್ಷ ದಾಟಿದ ಟೈರುಗಳಿದ್ದರೆ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯುವ ಮೊದಲು ಬದಲಿಸಿ. ಒಂದು ಕಡತ ಮಾಡಿ ಪ್ರತಿ ಬಿಲ್ಲನ್ನೂ ತಾರೀಖಿನಂತೆ ಜೋಡಿಸಿಡಿ. ಇನ್ನು ಐದು ವರ್ಷಕ್ಕೆ ನೀವು ಮಾರುವವರ ಜಾಗದಲ್ಲಿ ಕೂತಾಗ ಬೆಲೆ ತರುವುದು ಆ ಕಡತವೇ.

ಅಂದು ನೀವು ಮಾರುವಾಗ, ಕೊಂಡವರು ಎಷ್ಟೇ ಆತ್ಮೀಯರಾಗಿದ್ದರೂ ಹೆಸರು ಬದಲಾಗಿದೆ ಎಂದು ಆ್ಯಪ್‌ನಲ್ಲಿ ಕಣ್ಣಾರೆ ನೋಡುವವರೆಗೆ ಬಿಡಬೇಡಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು. ಅಪಘಾತದ ಪರಿಹಾರ ಕಟ್ಟುವ ಹೊಣೆ, ದಾಖಲೆಯಲ್ಲಿ ಹೆಸರಿದ್ದ ಅವರ ಮೇಲೆಯೇ ಬಿತ್ತು. ಫಾರಂ 29ರ ಸ್ವೀಕೃತಿ ಪ್ರತಿ ಮತ್ತು ಗಂಟೆ ನಮೂದಿಸಿದ ಡೆಲಿವರಿ ಪತ್ರವನ್ನು, ಕಾರು ಹೋದ ಮೇಲೂ, ಮನೆಪತ್ರಗಳ ಜೊತೆಗೇ ಇಟ್ಟುಕೊಳ್ಳಿ.